ಹಗ್ಗ ಮುಟ್ಟಿದವರ ಪಾಲು

ಮೊನ್ನೆ ಕಾರವಾರದಲ್ಲಿ ಮೊಬೈಲ್ ರಿಪೇರಿ ಅಂಗಡಿಗೆ ಫೋನು ಕೊಟ್ಟು ಬೆಂಚಿನ ಮೇಲೆ ಕೂತಿದ್ದೆ. ಅಂಗಡಿಯಾಕೆ ಬೆಸುಗೆಯ ಕಡ್ಡಿಯನ್ನು ರಾಳದ ಡಬ್ಬಿಗೆ ತಾಗಿಸಿದಳು. ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಸಿಹಿಸಿಹಿಯಾದ, ಗಂಟಲು ಹಿಡಿಯುವ ಆ ವಾಸನೆ… ನನಗೆ ಅಲ್ಲಿ ಕೂರಲಾಗಲಿಲ್ಲ. ಆಮೇಲೆ ಬರುತ್ತೇನೆಂದು ಎದ್ದು ಬಂದೆ.

ಅದು ನಮ್ಮ ಲ್ಯಾಬಿನ ಮಾಮನ ವಾಸನೆ. ಎರಡು ಸಾವಿರದ ಆಚೀಚಿನ ವರ್ಷಗಳು. ಕಾರವಾರದ ಕಾಲೇಜೊಂದರಲ್ಲಿ ನಾನು ಹೊಸದಾಗಿ ಎಲೆಕ್ಟ್ರಾನಿಕ್ಸ್ ಲೆಕ್ಚರರ್ ಆಗಿದ್ದೆ, ದಿನಾ ಅಂಕೋಲೆಯಿಂದ ಬಸ್ಸು. ಮಾಮ ಲ್ಯಾಬಿನ ಅಟೆಂಡರ್. ಅಂಕೋಲೆ ಪಕ್ಕದ ಕೇಣಿ ಊರಿನ ಮೀನುಗಾರರ ಮನೆಯವರು. ಹತ್ತನೇ ಇಯತ್ತೆ ದಾಟಿರಲಿಲ್ಲ, ದೋಣಿಗಳ ವಾಯರ್‌ಲೆಸ್ ಸೆಟ್ಟು ಬಿಚ್ಚಿ ಬಿಚ್ಚಿ ವಿದ್ಯೆ ಕಲಿತವರು. ಎಲ್ಲರಿಗೂ ಅವರು ಮಾಮ, ನನಗೂ ಮಾಮ. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ನನ್ನನ್ನು ಅವರು ‘ಮೇಡಮ್ರೆ’ ಎನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ನನಗೆ ಇಷ್ಟವಾಗಿತ್ತು ಎಂದು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

ಆಗ ನನಗೊಂದು ಹುಚ್ಚು ಹಿಡಿದಿತ್ತು. ಸಮುದ್ರದ ತಳದಲ್ಲಿ ಹಾಸಿದ ಕೇಬಲ್ಲಿನೊಳಗೆ ಕೂದಲಿನಷ್ಟು ತೆಳು ಗಾಜಿನ ಎಳೆಗಳಿರುತ್ತವೆ. ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು ಓಡುತ್ತದೆ, ಒಂದೊಂದು ಬಣ್ಣವೂ ಬೇರೆ ಬೇರೆ ಸಂದೇಶ ಹೊರುತ್ತದೆ. ತೊಂದರೆ ಏನೆಂದರೆ ಬಣ್ಣಕ್ಕೊಂದು ಲೇಸರ್ ಬೇಕು, ಲೇಸರಿಗೊಂದು ತಂಪು ಮಾಡುವ ಸಲಕರಣೆ ಬೇಕು. ಖರ್ಚೆಲ್ಲ ಅಲ್ಲೇ. ಒಂದೇ ಲೇಸರಿನಿಂದ ಹಲವು ಬಣ್ಣ ತೆಗೆಯಬೇಕೆಂದು ನಾನು ಹೊರಟಿದ್ದೆ. ಅದಕ್ಕೆ ಲೇಸರಿನ ಮುಂದೆ ಇಡುವ ಇನ್ನೊಂದು ಯಂತ್ರ ಬೇಕಿತ್ತು, ಅದನ್ನು ಕೊಳ್ಳುವ ಶಕ್ತಿ ನಮ್ಮ ಕಾಲೇಜಿಗೆ ಇರಲಿಲ್ಲ. ಕೈಚೆಲ್ಲಿ ಕೂತಿದ್ದೆ.

ಮಾಮ ಬೆಸುಗೆ ಹಾಕುತ್ತಲೇ ಕೇಳಿದರು. “ಮೇಡಮ್ರೆ, ನಮ್ಮ ದೋಣಿಯವ್ರಿಗೆ ಒಂದು ಚಾಳಿ ಅದೆ. ಬಂಗಡೆ ಸಿಕ್ತು ಅಂದ್ರೆ ಖುಷೀಲಿ ವಾಯರ್‌ಲೆಸ್ಸು ಬಾಯಿಗೇ ಇಟ್ಕಂಡು ಕೂಗ್ತ್ರು. ಕೂಗೂದು ಒಂದು ಚಾನೆಲ್ಲಲ್ಲಿ, ಅಕ್ಕಪಕ್ಕದ ನಾಕು ಚಾನೆಲ್ಲಿಗೂ ಚೆಲ್ತದೆ. ನಾವು ಅದನ್ನ ದೋಷ ಅಂತ ರಿಪೇರಿ ಮಾಡೂದು. ನಿಮ್ಗೆ ಬೇಕಾದ್ದು ಆ ದೋಷವೇ ಅಲ್ವಾ? ಮುಂದೆ ಯಂತ್ರ ಇಡೂದೆಂತಕ್ಕೆ? ಲೇಸರನ್ನೇ ಕೂಗ್ಸಿ.”

ನಾನು ನಕ್ಕೆ. ಬಸ್ಸಿನಲ್ಲಿ ಅಂಕೋಲೆ ಮುಟ್ಟುವಷ್ಟರಲ್ಲಿ ನಗು ನಿಂತಿತ್ತು. ಲೇಸರಿಗೆ ಕೊಡುವ ವಿದ್ಯುತ್ತನ್ನೇ ರೇಡಿಯೋ ಅಲೆಯಿಂದ ಜೋರಾಗಿ ಅಲುಗಿಸಿದರೆ ಅದರ ಬೆಳಕು ಪಕ್ಕದ ಬಣ್ಣಗಳಿಗೆ ಚೆಲ್ಲಲೇಬೇಕು. ಬೋರ್ಡು ಮಾಡಿಕೊಟ್ಟವರೂ ಮಾಮನೇ. ಅಳೆಯುವ ಉಪಕರಣವನ್ನು ಬೇರೆ ಕಡೆಯಿಂದ ಎರವಲು ತಂದೆವು. ಪರದೆಯ ಮೇಲೆ ಒಂಟಿಯಾಗಿದ್ದ ಗೆರೆಯ ಎರಡೂ ಬದಿಗೆ ಹೊಸ ಗೆರೆಗಳು ಎದ್ದು ನಿಂತವು. ಮಾಮ ಕನ್ನಡಕ ಏರಿಸಿಕೊಂಡು ಬೆರಳಲ್ಲಿ ಎಣಿಸಿದರು, ಗೆರೆಗೊಂದು ಬಣ್ಣದಂತೆ ಒಟ್ಟು ಏಳು.

ಆ ಭಾನುವಾರ ಅವರು ನನ್ನನ್ನು ಕೇಣಿಗೆ ಕರೆದಿದ್ದರು. ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು, ಊರಿಗೆ ಊರೇ ಹಗ್ಗ ಹಿಡಿದಿತ್ತು. ನಾನೂ ಸೆರಗು ಸಿಕ್ಕಿಸಿಕೊಂಡು ತಮಾಷೆಗೆ ಹತ್ತು ಹೆಜ್ಜೆ ಎಳೆದು ಬಿಟ್ಟೆ. ಸೋಮವಾರ ಮಾಮ ಬಾಳೆಲೆಯ ಪೊಟ್ಟಣ ತಂದು ಕೊಟ್ಟರು. ಒಳಗೆ ಬಂಗಡೆ. ನಾನೇನು ಮಾಡಿದೆನೆಂದು ಸಂಕೋಚಪಟ್ಟರೆ, “ಹಗ್ಗ ಮುಟ್ಟಿದ್ರಲ್ಲ. ಮುಟ್ಟಿದವ್ರ ಪಾಲು ನಾವು ಇಟ್ಕಂಬೂದಿಲ್ಲ” ಎಂದರು. ರಾತ್ರಿ ಹುರಿದು ಚಪ್ಪರಿಸಿ ತಿಂದೆ.

ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ… ನಾನು ಪ್ರಬಂಧ ಬರೆದೆ. ಕಡಿಮೆ ಖರ್ಚಿನಲ್ಲಿ ಕೇಬಲ್ಲಿಗೆ ಬೆಳಕು ಒದಗಿಸುವ ಬಗೆ ಎಂದು. ಅದು ಅಚ್ಚಾಯಿತು. ಕೊನೆಯಲ್ಲಿ ಪ್ರಿನ್ಸಿಪಾಲರಿಗೆ, ಉಪಕರಣ ಕೊಟ್ಟವರಿಗೆ, ಟೈಪು ಮಾಡಿದವರಿಗೆ ಕೂಡ ಕೃತಜ್ಞತೆ ಹೇಳಿದ್ದೆ. ಮಾಮನ ಹೆಸರು ಎಲ್ಲೂ ಇರಲಿಲ್ಲ. ಮರೆತದ್ದಲ್ಲ. ಮೊದಲು ಬರೆದಿದ್ದೆ, ಅಟೆಂಡರನ ಮಾತು ಕೇಳಿ ಸಂಶೋಧನೆ ಮಾಡಿದಳೆಂದು ಯಾರಾದರೂ ನಕ್ಕಾರೆಂದು ಆಮೇಲೆ ಹೊಡೆದು ಹಾಕಿದೆ.

ಮಾಮ ಒಮ್ಮೆ ಮಾತ್ರ ಕೇಳಿದರು, ಸ್ವಲ್ಪ ನಾಚಿಕೊಂಡು. “ಅದ್ರಲ್ಲಿ ನಮ್ದೂ ಹೆಸರು ಬಂದದೇನ್ರಾ?”

“ಡಿಗ್ರಿ ಆದವರ ಹೆಸರು ಮಾತ್ರ ಹಾಕುವುದು ಮಾಮ, ರೂಲ್ಸು” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

“ರೂಲ್ಸಂದ್ರೆ ರೂಲ್ಸೇ” ಎಂದರು. ಕೈ ಒರೆಸಿಕೊಂಡು ಒಂದು ಜೆರಾಕ್ಸ್ ಪ್ರತಿ ಕೇಳಿ ತೆಗೆದುಕೊಂಡರು. ನಿವೃತ್ತಿಯಾಗುವವರೆಗೂ ನನ್ನ ಬೋರ್ಡುಗಳಿಗೆ ಬೆಸುಗೆ ಹಾಕಿದರು, ಆ ಮಾತು ಮತ್ತೆ ಎತ್ತಲಿಲ್ಲ. ಒಮ್ಮೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಉಂಡ ಮನೆಯ ಜಂತೆ ಎಣಿಸಿದವಳು ನಾನು.

ಅವರು ತೀರಿಹೋದ ಸುದ್ದಿ ತಿಳಿದು ಕೇಣಿಗೆ ಹೋದೆ. ಅವರ ಹೆಂಡತಿ ಮೀನು ಮಾರಿ ಆಗತಾನೇ ಬಂದಿದ್ದರು. ನನ್ನನ್ನು ಕೂರಿಸಿ, ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಜೆರಾಕ್ಸ್ ತೆಗೆದರು. ಅಂಚಿನಲ್ಲಿ ರಾಳದ ಕಲೆ ಇತ್ತು.

“ಇದ್ರಲ್ಲಿ ಅವ್ರ ಹೆಸರದೆಯಂತೆ. ಮೇಡಮ್ರು ಹಾಕಿದ್ರು ಅಂತ ಹೇಳ್ತಿದ್ರು. ನಂಗೆ ಓದೂಕೆ ಬರೂದಿಲ್ಲ. ಎಲ್ಲಿ ಅದೆ, ತೋರ್ಸಿ ಅಕ್ಕ.”

ನನ್ನ ಮರ್ಯಾದೆಯನ್ನು ಮಾಮ ತಮ್ಮ ಮನೆಯೊಳಗೂ ಕಾಪಾಡಿದ್ದರು. ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವರ ಕಣ್ಣು ನನ್ನ ಬೆರಳಿನ ಮೇಲಿತ್ತು. ಬೆರಳು ಶೀರ್ಷಿಕೆಯ ಕೆಳಗೆ ಹೋಗಿ ನಿಂತಿತು, ಅಲ್ಲಿದ್ದದ್ದು ಒಂದೇ ಹೆಸರು. “ಇಲ್ಲಿ” ಎಂದೆ.

ಅವರು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮೆಲ್ಲಗೆ ಸವರಿದರು.

ಈಗ ಅವರೂ ಇಲ್ಲ. ನಾನು ನಿಜ ಹೇಳೋಣವೆಂದರೆ ಆ ಮನೆಯಲ್ಲಿ ಯಾರೂ ಉಳಿದಿಲ್ಲ. ಫೋನು ಇನ್ನೂ ಅಂಗಡಿಯಲ್ಲೇ ಇದೆ, ನಾಳೆ ಹೋಗಿ ತರಬೇಕು. ಪ್ರಬಂಧದ ಮೇಲೆ ಈಗಲೂ ನನ್ನ ಹೆಸರೇ ಇದೆ. ಅದನ್ನು ಓದುವಾಗಲೆಲ್ಲ ಮಾಮನ ಹೆಂಡತಿಯ ಬೆರಳು ಅದರ ಮೇಲೆ ಕಾಣುತ್ತದೆ.