ಹಲ್ಲಿನ ತಂತಿಗೆ ಹಲಸಿನ ಮೇಣ

"ತಂತಿ ಚುಚ್ಚಿದರೆ ಮೇಣ ಹಚ್ಚಿ." ನಾನು ಚಿಕ್ಕವಳಿದ್ದಾಗ ಮಂಗಳೂರಿನ ಹಲ್ಲಿನ ಡಾಕ್ಟರು ಹೇಳಿದ್ದು ಇಷ್ಟೇನಾ? ಯಾವ ಮೇಣ ಎಂದೂ ಹೇಳಿದ್ದರೋ, ನಾವೇ ಕೇಳಿಸಿಕೊಳ್ಳಲಿಲ್ಲವೋ? ಇವತ್ತು ಮಗಳ ಹಲ್ಲಿನ ತಂತಿ ಕೆನ್ನೆಗೆ ಚುಚ್ಚಿದಾಗ ಆ ಮಾತು ನೆನಪಾಯಿತು.

ವೇಣೂರಿನ ನಮ್ಮ ಶಾಲೆಯಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡವಳು ನಾನೊಬ್ಬಳೇ. ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು. ಪದ್ಯ ಹೇಳುವ ಸ್ಪರ್ಧೆಯ ಹಿಂದಿನ ಸಂಜೆ ತಂತಿಯ ತುದಿ ಹೊರಬಂದು ಕೆನ್ನೆಯ ಒಳಗೆ ಗೀರತೊಡಗಿತು.

"ಮೇಣ ತಾನೇ? ಬೇಕಾದಷ್ಟು ಉಂಟು" ಎಂದರು ಅಜ್ಜಿ. ನಮ್ಮಲ್ಲಿ ಮೇಣವೆಂದರೆ ಹಲಸಿನದೇ. ಆಗಷ್ಟೇ ಕೊಯ್ದ ಹಲಸಿನಿಂದ ಕೋಲಲ್ಲಿ ಬಳಿದು ತಂದು ಮೆತ್ತಿದರು. ಅದು ತಂತಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅಂಟಿತು. ತುಟಿಗೆ ತುಟಿ ಕೂಡಿಕೊಂಡಿತು.

ನನ್ನ ಮೂಗಿನ ಅಳು ಕೇಳಿ ಪಕ್ಕದ ಮನೆಯ ಬೀಪಾತುಮ್ಮ ಓಡಿ ಬಂದರು. "ಹಕ್ಕಿ ಹಿಡಿಯುವ ಅಂಟನ್ನು ಮಕ್ಕಳ ಬಾಯಿಗೆ ಹಾಕುವುದಾ ಅಮ್ಮ? ಡಾಕ್ಟರು ಹೇಳಿದ್ದು ಮೇಣದ ಬತ್ತಿಯ ಮೇಣ ಮಾರಾಯ್ರೆ!"

"ಅದನ್ನು ಬಿಡಿಸಿ ಹೇಳಲಿಕ್ಕೆ ಅವರ ಬಾಯಿಗೂ ಅಂಟಿತ್ತಾ?" ಅಜ್ಜಿ ಸೋಲಲಿಲ್ಲ.

ಬೀಪಾತುಮ್ಮ ತೆಂಗಿನೆಣ್ಣೆ ಉಜ್ಜಿ ಅಂಟು ಬಿಡಿಸಿದರು. ಹೊಸ ಮೇಣದ ಬತ್ತಿಯ ಚೂರನ್ನು ಬೆರಳಲ್ಲಿ ಮಿದುಮಾಡಿ ತಂತಿಯ ತುದಿಗೆ ಒತ್ತಿದರು. ಚುಚ್ಚುವುದು ನಿಂತಿತು.

ಮಗಳಿಗೆ ಕ್ಲಿನಿಕ್ಕಿನವರೇ ಕೊಟ್ಟ ಮೇಣ ಹಚ್ಚಿದ್ದೇನೆ. ನಾಳೆ ಹೋಗಿ ತುದಿ ಕತ್ತರಿಸಿಕೊಂಡು ಬರುತ್ತೇವೆ. ಅವಳಿಗೆ ಈ ಕತೆಯನ್ನೂ ಹೇಳಿದೆ, ಅಂದು ಹೊರಡುವಾಗ ಬೀಪಾತುಮ್ಮ ಬಾಗಿಲಲ್ಲಿ ತಿರುಗಿ ನಿಂತು ಅಂದದ್ದನ್ನೂ: "ನಾಳೆ ಪದ್ಯ ಗಟ್ಟಿಯಾಗಿ ಹೇಳು ಮಗಳೇ. ಹಲಸಿನ ಮೇಣಕ್ಕೇ ಸೋಲದ ಬಾಯಿ, ನಗುವವರಿಗೆ ಹೆದರಿ ಮುಚ್ಚುವುದುಂಟಾ?"