ಕರೆದರೆ ಓಗೊಡದ ತೊಮಾಸಾ

ಕರೆದರೆ ಓಗೊಡದವರು ನಮ್ಮೂರಿನಲ್ಲಿ ಬಹಳ ಮಂದಿ ಇದ್ದಾರೆ, ಹೆಚ್ಚಿನವರು ಗಂಡಂದಿರು. ಆದರೆ ಹಿರಿಯಳೆಂದು ಊರೆಲ್ಲ ದೊನ್ಯಾ ಎನ್ನುವ ತೊಮಾಸಾ ಕ್ವಾಮಾತ್ಸಿಯ ಮೌನ ಆ ಜಾತಿಯದಲ್ಲ. ಮೊದಲ ಓಕ್ ಮರ ದಾಟಿ ಮಾಲಿಂತ್ಸಿನ್ ಬೆಟ್ಟದೊಳಗೆ ಕಾಲಿಟ್ಟಳೆಂದರೆ ಪಾದ್ರಿ ಕರೆಯಲಿ, ಪೊಲೀಸು ಕರೆಯಲಿ, ಕತ್ತು ಹೊರಳಿಸುವವಳಲ್ಲ. ಒಮ್ಮೆ ಸಿಡಿಲೇ ಅವಳ ಹೆಸರು ಹಿಡಿದು ಕೂಗಿತಂತೆ. ಉತ್ತರ ಸಿಗದೆ ನಾಚಿಕೊಂಡು ಪಕ್ಕದ ಪೈನ್ ಮರಕ್ಕೆ ಬಡಿಯಿತಂತೆ. ಮರ ಈಗಲೂ ಇದೆ, ಅರ್ಧ.

ಬೆಟ್ಟ ನಮ್ಮಲ್ಲಿ ಹೆಂಗಸು. ಸರ್ಕಾರ ಬುಡದಲ್ಲಿ ರಾಷ್ಟ್ರೀಯ ಉದ್ಯಾನವೆಂದು ಬೋರ್ಡು ನೆಟ್ಟಿದೆ, ಅವಳಿಗೆ ಓದು ಬರುವುದಿಲ್ಲ. ಬೇಕಾದವರನ್ನು ಬೇಕಾದ ದನಿಯಲ್ಲಿ ಕರೆಯುತ್ತಾಳೆ, ಓಗೊಟ್ಟವರನ್ನು ಇಟ್ಟುಕೊಳ್ಳುತ್ತಾಳೆ. ಇದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಓಗೊಡುತ್ತೇವೆ.

ಆ ಆಗಸ್ಟಿನಲ್ಲಿ, ದೊಡ್ಡ ಮಳೆಯಾದ ಮೂರನೆಯ ದಿನ, ಅಣಬೆಗೆ ಹೋದ ಬಾಸಿಲಿಸಾ ಮಧ್ಯಾಹ್ನ ಕಳೆದರೂ ಮನೆಗೆ ಬರಲಿಲ್ಲ. ಅವಳ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ನಿಂತವಳು ತೊಮಾಸಾ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅಕ್ಕತಂಗಿಯರಿಗಿಂತ ಹೆಚ್ಚು. ಆದರೆ ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ ಯಾರಿಗೂ ತಿಳಿಯದು. ಹಬ್ಬದ ಸಾರಿಗೆ ಉಪ್ಪು ಹೆಚ್ಚಾಯಿತು ಎಂದದ್ದಕ್ಕಂತೆ ಎಂದು ನನ್ನ ಹೆಂಡತಿಯ ಊಹೆ.

ಆಲಿಕಲ್ಲಿನ ಮೋಡ ಇಳಿಯುತ್ತಿತ್ತು. ಕತ್ತಲಾಗುವುದರೊಳಗೆ ಸಿಗದಿದ್ದರೆ ಬಾಸಿಲಿಸಾ ಚಳಿಗೇ ಸಾಯುವಳು. ಅವಳ ಗಂಡ ದೆಲ್ಫಿನೊ, ನಾನು, ಇನ್ನು ಮೂವರು ಗಂಡಸರು ಹೊರಟೆವು. ಯಾರೂ ಕರೆಯದ ತೊಮಾಸಾ ರೊಟ್ಟಿ ಗಂಟು ಹಿಡಿದು ಹಿಂದೆಯೇ ಬಂದಳು.

ಓಕ್ ಮತ್ತು ಪೈನ್ ಬೆರೆತು ನಿಂತ ಇಳಿಜಾರಿನಲ್ಲಿ ಮಂಜು ನಮ್ಮನ್ನು ನುಂಗಿತು. ಪೈನ್ ಸೂಜಿಗಳ ಮೇಲೆ ನಮ್ಮ ಹೆಜ್ಜೆಯೇ ನಮಗೆ ಕೇಳಿಸುತ್ತಿರಲಿಲ್ಲ. ಒಂದು ಹಕ್ಕಿಯಿಲ್ಲ. ಕೊಂಬೆಗಳಿಂದ ಇಳಿಬಿದ್ದ ಬೂದು ಗಡ್ಡದಂಥ ಪಾಚಿ ಗಾಳಿಯಿಲ್ಲದೆ ತೂಗುತ್ತಿತ್ತು. ಸೀಳಿದ ಕಾಂಡದ ಒಂದೇ ಓಕ್ ಮರವನ್ನು ಮೂರನೆಯ ಸಲ ಕಂಡಾಗ, ದಾರಿ ತಪ್ಪಿದವರು ಮಾಡಬೇಕಾದಂತೆ, ನಾವು ಗಂಡಸರೆಲ್ಲ ಸ್ವೆಟರ್ ಕಳಚಿ ಒಳಮೈ ಹೊರಗೆ ಮಾಡಿ ತೊಟ್ಟೆವು. ಐವರು ವೀರರು, ಹೊಲಿಗೆಯ ದಾರ ನೇತಾಡಿಸಿಕೊಂಡು.

ಆಗ ಮೇಲಿನ ಪೈನ್ ಮರಗಳ ಕಡೆಯಿಂದ ದನಿ ಬಂತು.

"ಕೊಮಾದ್ರೆ ತೊಮಾಸಾ! ಬಾರೇ, ಇಲ್ಲಿದ್ದೀನಿ!"

ಬಾಸಿಲಿಸಾಳದೇ ದನಿ, ಅದೇ ಸೀಳು ಗಂಟಲು. ಮೂವರು ಆಗಲೇ ಮೇಲಕ್ಕೆ ಓಡಿದರು. ದೆಲ್ಫಿನೊ ಓಡಲು ಹೊರಟಾಗ ತೊಮಾಸಾ ಅವನ ಸ್ವೆಟರಿನ ದಾರ ಹಿಡಿದೆಳೆದಳು.

"ಏನ್ರೀ, ನಿಮಗೆ ಹೆಂಡ್ತಿ ಬೇಕೋ, ದನಿ ಬೇಕೋ?"

"ಅವಳೇ ಕಣಮ್ಮಾ! ಮೂವತ್ತು ವರ್ಷ ಕೇಳಿದ ಕಿವಿ ಇದು!"

"ಹಾಗಾದ್ರೆ ಆ ಕಿವಿ ಕೆಟ್ಟು ಎಷ್ಟೋ ದಿನ ಆಗಿರುತ್ತೆ. ಕೆಳಗೆ ನಡೀರಿ."

ಅವಳು ಕೆಳಗಿನ ದಟ್ಟ ಓಕ್ ಕಾಡಿಗೆ ಇಳಿದಳು. ದೆಲ್ಫಿನೊ ಅಳುತ್ತ ಹಿಂಬಾಲಿಸಿದ. ನಾನೂ ಹೋದೆ, ಧೈರ್ಯದಿಂದಲ್ಲ, ಒಬ್ಬನೇ ಉಳಿಯಲಾರದೆ. ದನಿ ಈಗ ನಮ್ಮ ಬೆನ್ನ ಹಿಂದೆ ಬರುತ್ತಿತ್ತು, ಮೆಲ್ಲಗೆ, ಮುದ್ದಿಸುವ ಹಾಗೆ: "ಕೊಮಾದ್ರೆ... ಕೊಮಾದ್ರೆ..." ನನ್ನ ಕುತ್ತಿಗೆಗೆ ಯಾರೋ ಉಸಿರು ಬಿಟ್ಟಂತಾಯಿತು. ತೊಮಾಸಾ ನಡೆಯುತ್ತಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು.

ತಗ್ಗಿನಲ್ಲಿ, ನಾಲ್ಕಾಳು ತಬ್ಬಬೇಕಾದ ಓಕ್ ಮರದ ಬುಡದಲ್ಲಿ, ಬಾಸಿಲಿಸಾ ಕಾಲು ಉಳುಕಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ನಮ್ಮನ್ನು ಕಂಡವಳೇ ಶಾಲು ಎಳೆದು ಬುಟ್ಟಿಯ ಮೇಲೆ ಮುಚ್ಚಿದಳು.

"ಅಷ್ಟು ಹೊತ್ತು ಮೇಲಿಂದ ಕೂಗಿದೆಯಲ್ಲೇ!" ಎಂದ ದೆಲ್ಫಿನೊ.

"ನಾನೆಲ್ಲಿ ಕೂಗಿದೆ? ಬೆಳಗ್ಗೆಯಿಂದ ಬಾಯೇ ಬಿಟ್ಟಿಲ್ಲ."

"ಬಿದ್ದವಳು ಯಾಕೆ ಕೂಗಲಿಲ್ಲ?"

ಅವಳು ತೊಮಾಸಾಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು.

ಮೇಲೆ ಹೋದ ಮೂವರು, ಅವಳನ್ನು ಹೊತ್ತು ತಂದ ನಮಗಿಂತ ಮೊದಲೇ ಊರು ಸೇರಿದ್ದರು. ದನಿ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಮುಂದೆ ಎಂದು ಸರಿಯುತ್ತಲೇ ಹೋಯಿತಂತೆ. ಮಂಜು ಒಂದು ಗಳಿಗೆ ಸರಿದಾಗ ಮುಂದಿದ್ದವನ ಒಂದು ಕಾಲು ಕಮರಿಯ ಅಂಚಿನಾಚೆ ಗಾಳಿಯಲ್ಲಿತ್ತಂತೆ. ಅವನು ಆಮೇಲೆ ಎಂಟು ದಿನ ಮಾತಾಡಲಿಲ್ಲ. ಮನೆಯವರು ಮಾಲಿಂತ್ಸಿನ್‌ಗೆ ಮೇಣದಬತ್ತಿ ಹಚ್ಚಿದರು, ಅರ್ಧ ಭಯಕ್ಕೆ, ಅರ್ಧ ಕೃತಜ್ಞತೆಗೆ.

ದೆಲ್ಫಿನೊನ ಅಡುಗೆಮನೆಯಲ್ಲಿ ಅಂದು ಸಂಜೆ ಅರ್ಧ ಊರು ಸೇರಿತ್ತು. ಬಾಸಿಲಿಸಾ ಒಲೆಯ ಪಕ್ಕ ಕಂಬಳಿಯೊಳಗಿದ್ದಳು. ತೊಮಾಸಾಳ ಕಿವಿಯಲ್ಲಿ ಸಂತನೊಬ್ಬ ಪಿಸುಗುಟ್ಟಿದನೆಂದು ಒಬ್ಬರು, ಬೆಟ್ಟದಮ್ಮ ಅವಳಿಗೆ ಸೋತು ದಾರಿ ಬಿಟ್ಟಳೆಂದು ಇನ್ನೊಬ್ಬರು. ಕೊನೆಗೆ ನಾನೇ ಕೈಮುಗಿದು ಕೇಳಿದೆ: "ದೊನ್ಯಾ ತೊಮಾಸಾ, ಅಷ್ಟು ದೊಡ್ಡ ಕಾಡಲ್ಲಿ ಆ ಒಂದು ಮರದ ಬುಡ ನಿಮಗೆ ತೋರಿಸಿದ್ದು ಯಾವ ಶಕ್ತಿ?"

ತೊಮಾಸಾ ಕಾಫಿ ಹೀರಿದಳು.

"ಯಾವ ಶಕ್ತಿನೂ ಇಲ್ಲ, ಸುಡುಗಾಡೂ ಇಲ್ಲ. ಅದು ನನ್ನ ಅಣಬೆ ಜಾಗ. ಹನ್ನೊಂದು ವರ್ಷದಿಂದ ಇವಳು ಅಲ್ಲಿ ಕದೀತಾಳೆ. ಮಳೆಯಾಗಿ ಮೂರನೇ ದಿನ ಇನ್ನೆಲ್ಲಿರ್ತಾಳೆ?"