ಕಣದೊಳಗೆ ಬಿದ್ದ ಚೆಂಡು

ಹಾವೇರಿಯ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೊಂದು ಸ್ಟೀಲಿನ ಬೋಗುಣಿ ಇದೆ. ಕೀಲಿಕೈ, ಪಿನ್ನು, ಮುಗಿದ ಸೆಲ್ಲು, ಯಾವ ಅಂಗಿಯದೆಂದು ಗೊತ್ತಿಲ್ಲದ ಗುಂಡಿ, ಹೀಗೆ ಬಿಸಾಡಲು ಮನಸ್ಸಿಲ್ಲದ, ಇಡಲು ಜಾಗವೂ ಇಲ್ಲದ ವಸ್ತುಗಳೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಅವುಗಳ ನಡುವೆ ಒಂದು ಗಾಲ್ಫ್ ಚೆಂಡೂ ಇದೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ಅದರ ಗುಳಿಗುಳಿ ಮೈಯನ್ನು ಹೆಬ್ಬೆರಳಿನಿಂದ ಸವರಿ, "ನಮ್ಮ ಕಡೆ ಇದನ್ನ ಯಾರ್ ಆಡ್ತಾರ?" ಎಂದು ಕೇಳುತ್ತಾರೆ. ಈಗ ಯಾರೂ ಆಡುವುದಿಲ್ಲ. ಆದರೆ ಆಡುವವರು ಇಬ್ಬರಿದ್ದ ಕಾಲವೊಂದಿತ್ತು; ಅದು ಬಹಳ ಹಿಂದಿನದೇನಲ್ಲ, ನಾನು ಕಾಲೇಜಿನಲ್ಲಿದ್ದಾಗಿನದು.

ಅವರಲ್ಲೊಬ್ಬರು ನನ್ನ ಸೋದರಮಾವ. ಸೈನ್ಯದಲ್ಲಿ ಹವಾಲ್ದಾರರಾಗಿದ್ದ ಮಾಮಾ ಎಲ್ಲೋ ಉತ್ತರದ ಊರಲ್ಲಿ ಅಧಿಕಾರಿಗಳ ಗಾಲ್ಫ್ ಮೈದಾನವನ್ನು ನೋಡಿಕೊಳ್ಳುತ್ತ ಆಟ ಕಲಿತವರು. ನಿವೃತ್ತರಾಗಿ ಬರುವಾಗ ಟ್ರಂಕಿನ ಜೊತೆಗೆ ಹಳೆಯ ಕೋಲುಗಳ ಒಂದು ಚೀಲವನ್ನೂ ಆಟದ ನಿಯಮಗಳ ಒಂದು ಪುಸ್ತಕವನ್ನೂ ತಂದಿದ್ದರು. ಆಡಲು ಜೊತೆಗಾರ ಬೇಕಲ್ಲ. ತಮ್ಮೊಡನೆ ಶಾಲೆ ಕಲಿತ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಚನ್ನಬಸಪ್ಪನವರನ್ನು ಹಿಡಿದು ಕಲಿಸಿದರು. ಶಿಷ್ಯ ಕಲಿತ, ಮತ್ತು ಕಲಿತ ಮೇಲೆ ಗುರುವಿಗೆ ಒಂದು ಸಲವೂ ಸೋಲಲಿಲ್ಲ. ಎಷ್ಟೋ ಆಟಗಳು ಸಮಸಮವಾದವು, ಉಳಿದವೆಲ್ಲ ಚನ್ನಬಸಪ್ಪನವರ ಪಾಲಾದವು. ಜೀವಮಾನದಲ್ಲಿ ಒಮ್ಮೆ ಈ ಸಾವಕಾರನನ್ನು ಸೋಲಿಸಬೇಕೆಂಬುದು ಮಾಮಾನ ಆಸೆ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ.

ಮೈದಾನವೆಂದರೆ ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ ದ್ಯಾಮವ್ವ ಎಂಬಾಕೆಯ ಬೀಳು ಹೊಲ. ನೀರಿಲ್ಲದೆ ಬಿತ್ತದೆ ಬಿಟ್ಟ ಆ ಕೆಮ್ಮಣ್ಣಿನಲ್ಲಿ ಇಬ್ಬರೂ ಕೂಡಿ ಅಲ್ಲಲ್ಲಿ ತಗಡಿನ ಡಬ್ಬಿ ಹುಗಿದು ಆರು ಕುಳಿ ಮಾಡಿ, ಸುತ್ತ ನೆಲ ಗುಡಿಸಿ ನುಣುಪಾಗಿಸಿದ್ದರು. ಹುಲ್ಲಿನ ಹೆಸರಿಗೆ ಒಂದಿಷ್ಟು ಕರಿಕೆ, ನೆರಳಿನ ಹೆಸರಿಗೆ ಒಂದು ಬೇವಿನ ಮರ. ಮರದ ಕೆಳಗೆ ದ್ಯಾಮವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತು, "ಇಷ್ಟು ವಯಸ್ಸಾದ ಗಂಡಸ್ರು ಬಿಸಲಾಗ ಗುಂಡು ಹುಡುಕೋದು ನಾ ಎಲ್ಲೂ ನೋಡಿಲ್ಲ ನಮ್ಮವ್ವ" ಎನ್ನುತ್ತಿದ್ದಳು.

ನನ್ನ ಕೆಲಸ ಪುಸ್ತಕ ಹಿಡಿದು ನಿಲ್ಲುವುದು. ಅದು ಇಂಗ್ಲಿಷಿನದು, ಅಕ್ಷರ ಬಹಳ ಸಣ್ಣವು. ಅಲ್ಲದೆ ದಿನಚರಿ ಬರೆಯುವ, ಗೆರೆ ಎಳೆದು ಲೆಕ್ಕವಿಡುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತಾದ್ದರಿಂದ, ಪ್ರತಿ ಭಾನುವಾರ ಬಸ್ಸಿನಲ್ಲಿ ಮಾಮಾನ ಜೊತೆ ಹೋಗಿ ತಾರೀಖು ಸಮೇತ ಆಟವನ್ನು ದಾಖಲಿಸುವ ಹೊಣೆಯೂ ನನಗೇ ಬಿತ್ತು. ಆಟಕ್ಕಿಂತ ನನಗೆ ಹಿಡಿಸಿದ್ದು ಪುಸ್ತಕ. ದೂರದ ಹಸಿರು ದೇಶಗಳಲ್ಲಿ ಕೂತು ಅದನ್ನು ಬರೆದವರು ನಮ್ಮ ಎಮ್ಮೆಗಳನ್ನು ಕಂಡಿರಲಾರರು. ಆದರೂ ದ್ಯಾಮವ್ವನ ಹೊಲದಲ್ಲಿ ಏನು ನಡೆದರೂ ಅದಕ್ಕೊಂದು ಉತ್ತರ ಎಲ್ಲೋ ಒಂದು ಪುಟದಲ್ಲಿ ಇದ್ದೇ ಇರುತ್ತಿತ್ತು.

ಒಮ್ಮೆ ಚನ್ನಬಸಪ್ಪನವರ ಚೆಂಡು ಒಣಗಿದ ಎಮ್ಮೆಯ ಹೆಜ್ಜೆಯೊಳಗೆ ಹೋಗಿ ಕೂತಿತು. ಪ್ರಾಣಿ ತೋಡಿದ ತಗ್ಗಿನಲ್ಲಿ ಬಿದ್ದರೆ ದಂಡವಿಲ್ಲದೆ ಹೊರಗಿಡಬಹುದು ಎಂದು ನಾನು ಓದಿದೆ. ಅವರ ಮುಖ ಅರಳಿತು. ಮಾಮಾ ಬಗ್ಗಿ ನೋಡಿ, "ಎಮ್ಮಿ ಇಲ್ಲಿ ತೋಡಿಲ್ಲ ಸಾವಕಾರ್ರ, ನಡದೈತಿ ಅಷ್ಟ. ಹೊಡೀರಿ" ಎಂದರು. ಸಗಣಿಯ ವಿಷಯದಲ್ಲಿ ಪುಸ್ತಕ ಉದಾರವಾಗಿತ್ತು. ಎಲೆ, ಕಡ್ಡಿ, ಕಲ್ಲಿನಂತೆ ಅದನ್ನೂ ಸರಿಸಿ ಆಡಬಹುದು. ಇನ್ನೊಮ್ಮೆ ರಾಣೆಬೆನ್ನೂರಿನ ಕಡೆಯಿಂದ ದಾರಿ ತಪ್ಪಿ ಬಂದ ಕೃಷ್ಣಮೃಗವೊಂದು, ನಮ್ಮ ಮಾತಿನ ಚಿಗರಿ, ಹೊಲ ದಾಟುತ್ತ ಚನ್ನಬಸಪ್ಪನವರ ಚೆಂಡನ್ನು ಕುಳಿಯ ಹತ್ತಿರಕ್ಕೇ ಒದ್ದು ಹೋಯಿತು. "ಚಿಗರಿ ನಮ್ಮ ಪಾರ್ಟಿ ಐತ್ರಿ" ಎಂದು ಅವರು ಕೋಲು ಎತ್ತುವಷ್ಟರಲ್ಲಿ ನಾನು ಪುಟ ಹುಡುಕಿ, ಮೂರನೆಯವರು ಸರಿಸಿದ ಚೆಂಡನ್ನು ಮೊದಲಿದ್ದ ಜಾಗದಲ್ಲೇ ಇಡಬೇಕೆಂದು ಓದಿದೆ. "ನಿನ್ನ ಸೋದರಮಾವನ ಋಣ ತೀರಿಸಾಕತ್ತಿ ಬಿಡು ತಂಗಿ" ಎಂದು ನನ್ನ ತಲೆಗೆ ಮೆಲ್ಲಗೆ ತಟ್ಟಿ, ಚೆಂಡನ್ನು ಹಿಂದಕ್ಕೆ ಒಯ್ದಿಟ್ಟು, ಆ ಆಟವನ್ನೂ ಅವರೇ ಗೆದ್ದರು.

ಆಗ ನನಗೆ ಅನಿಸುತ್ತಿದ್ದುದೇನೆಂದರೆ, ಜಗತ್ತಿನಲ್ಲಿ ಏನೇ ಎಲ್ಲೇ ಬಿದ್ದರೂ ಅದಕ್ಕೊಂದು ಪುಟವಿರುತ್ತದೆ, ಹುಡುಕುವ ತಾಳ್ಮೆಯಿದ್ದರೆ ಸಾಕು. ಬಹುಪಾಲು ಉತ್ತರ ಒಂದೇ: ಬಿದ್ದಲ್ಲಿಂದಲೇ ಆಡು. ನೀನಲ್ಲದೆ ಬೇರೊಬ್ಬರು ಕೆಡಿಸಿದ್ದರೆ ಮಾತ್ರ ಮಾಫಿ. ಗೆಳೆಯರೇ, ದಿನಚರಿ ಬರೆಯುವವರಿಗೆ ಇಂಥ ಜಗತ್ತು ಎಷ್ಟು ಹಿತವಾಗಿರುತ್ತದೆಂದು ನಿಮಗೆ ಹೇಗೆ ಹೇಳಲಿ.

ಆಮೇಲೆ ಆ ಭಾಗಕ್ಕೆ ಕಾಲುವೆಯ ನೀರು ಬಂತು. ಮುಂದಿನ ಮಳೆಗಾಲಕ್ಕೆ ಹೊಲ ಬಿತ್ತುವುದಾಗಿ ದ್ಯಾಮವ್ವ ಹೇಳಿದಳು. ಯಾರಿಗಾದರೂ ಸಂತೋಷವಾಗಬೇಕಾದ ಸುದ್ದಿಯೇ. ಇಬ್ಬರೂ ಸಂತೋಷಪಟ್ಟರು, ಮತ್ತು ಕೊನೆಯ ಆಟವೊಂದನ್ನು ಗೊತ್ತು ಮಾಡಿಕೊಂಡರು. ಅದು ಸುಗ್ಗಿಯ ಕಾಲ. ಹೊಲದ ಮೂಲೆಯಲ್ಲಿ ದ್ಯಾಮವ್ವ ನೆಲಕ್ಕೆ ಸಗಣಿ ಸಾರಿಸಿ ಕಣ ಮಾಡಿ, ಆಚೆಯ ಹೊಲದಲ್ಲಿ ಬೆಳೆದ ಮೆಣಸಿನಕಾಯಿಯನ್ನು ಒಣಹಾಕಿದ್ದಳು. ಬಿಸಿಲಿಗೆ ಸುಕ್ಕುಗಟ್ಟುತ್ತಿದ್ದ ಆ ಕೆಂಪು ರಾಶಿ ದೂರಕ್ಕೆ ಹಾಸಿದ ಇಳಕಲ್ಲು ಸೀರೆಯಂತೆ ಕಾಣುತ್ತಿತ್ತು.

ಕೊನೆಯ ಕುಳಿಗೆ ಬರುವಾಗ ಇಬ್ಬರೂ ಸಮ. ಚನ್ನಬಸಪ್ಪನವರ ಚೆಂಡು ಜಾಲಿಗಿಡದಲ್ಲಿ ಸಿಕ್ಕು, ಹೊರಬರುವಷ್ಟರಲ್ಲಿ ಅವರು ಹಿಂದೆ ಬಿದ್ದಿದ್ದರು. ಮಾಮಾ ಒಂದು ಒಳ್ಳೆಯ ಹೊಡೆತ ಹೊಡೆದರೆ ಆಟ ಅವರದು. ಹೊಡೆದರು. ಗಾಳಿ ಬೀಸಿತು. ಚೆಂಡು ಎಡಕ್ಕೆ ವಾಲಿ ಹೋಗಿ ಕಣದ ಅಂಚಿನಲ್ಲಿ, ಮೆಣಸಿನಕಾಯಿಗಳ ನಡುವೆ ಬಿತ್ತು.

ಎಲ್ಲರೂ ಕಣದ ಅಂಚಿಗೆ ಬಂದು ನಿಂತೆವು. "ಏನ್ ಹೇಳ್ತೈತಿ ಪುಸ್ತಕ?" ಎಂದರು ಮಾಮಾ. ಕಾಯಿಗಳನ್ನು ಒಂದೊಂದಾಗಿ ಸರಿಸಬಹುದು, ಚೆಂಡು ಅಲುಗಿದರೆ ಒಂದು ಹೊಡೆತದ ದಂಡ, ಆಮೇಲೆ ಅಲ್ಲಿಂದಲೇ ಆಡಬೇಕು ಎಂದು ಓದಿದೆ. ಆಡಬಹುದು ಎಂಬುದೇನೋ ಸರಿಯೇ. ಆದರೆ ಕೋಲು ಬೀಸಿದರೆ ಸಾರಿಸಿದ ಕಣ ಕಿತ್ತುಬರುತ್ತದೆ.

"ಹವಾಲ್ದಾರ್ರ, ಕಣ ಆಟದಾಗ ಬರೂದಿಲ್ಲ ಅಂದ್ಬಿಡೂಣು. ಚೆಂಡು ಹೊರಗಿಡ್ರಿ, ದಂಡ ಬ್ಯಾಡ," ಎಂದರು ಚನ್ನಬಸಪ್ಪ.

"ಆಟ ಸುರು ಮಾಡೂಮುಂದ ಅನ್ನಬೇಕಿತ್ತು."

"ಈಗ ಅಂದ್ರ ಏನಾತು? ಇಬ್ರೂ ಒಪ್ಪೇವಿ."

"ಇಬ್ರೂ ಕೂಡಿ ನಿಯಮ ಬಿಟ್ರ ಇಬ್ರೂ ಆಟದಿಂದ ಹೊರಗ."

ಅದೂ ಪುಸ್ತಕದಲ್ಲಿದ್ದ ಮಾತೇ. ನಾಯಿಗೆ, ಬಂಡಿಗೆ, ಬೇವಿನ ಬೇರಿಗೆ ಎಲ್ಲದಕ್ಕೂ ಮೊದಲೇ ಸ್ಥಳೀಯ ನಿಯಮ ಮಾಡಿಕೊಂಡಿದ್ದ ಇವರಿಬ್ಬರು ಕಣವನ್ನು ಹೇಗೆ ಮರೆತರು ಎಂದು ನನಗೆ ಅಚ್ಚರಿಯಾಯಿತು. ಮರೆತದ್ದಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಕಣವನ್ನು ತುಳಿಯಬಾರದೆಂದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆದಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ದ್ಯಾಮವ್ವ ಮರದ ಕೆಳಗಿನಿಂದಲೇ, "ಹೊಡಿಯೋದಿದ್ರ ಹೊಡಿಯೋ ತಮ್ಮಾ. ನಾಕು ಕಾಯಿ ಹಾರಿದ್ರ ನಾ ಏನ್ ಸಾಯೂದಿಲ್ಲ. ಕೆರಾ ಬಿಟ್ಟು ಹೋಗು, ಅಷ್ಟ," ಎಂದಳು.

ಮಾಮಾ ಬೂಟು ಬಿಚ್ಚಿದರು, ಕಾಲುಚೀಲವನ್ನೂ ಬಿಚ್ಚಿದರು. ಕಣದ ಅಂಚಿಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡು ಒಳಗೆ ಕಾಲಿಟ್ಟು, ಚೆಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಕೂತಿದ್ದರು ಅನಿಸುತ್ತದೆ. ಘಾಟಿಗೆ ಎರಡು ಸಲ ಸೀನಿದರು. ಆಮೇಲೆ ಚೆಂಡನ್ನು ಎತ್ತಿಕೊಂಡು ಹೊರಗೆ ಬಂದು, "ಇಲ್ಲಿಂದ ಆಡಾಕಾಗೂದಿಲ್ಲ. ಒಂದು ಹೊಡೆತ ದಂಡ ಬರಕೋ," ಎಂದು ನನಗೆ ಹೇಳಿ, ಆಡಲಾಗದ ಚೆಂಡಿಗೆ ಪುಸ್ತಕ ಕೊಡುವ ಅವಕಾಶದಂತೆ ಎರಡು ಕೋಲಿನಳತೆಯ ಒಳಗೆ, ಕಣದಾಚೆ, ಮೊಳಕಾಲೆತ್ತರದಿಂದ ಚೆಂಡನ್ನು ಬಿಟ್ಟರು. ಅಲ್ಲಿಂದ ಹೊಡೆದದ್ದು ಚೆನ್ನಾಗಿಯೇ ಹೋಯಿತು. ಆದರೆ ಮುಂದಿನದು ಡಬ್ಬಿಯ ಬಾಯಿ ಸವರಿಕೊಂಡು ಆಚೆ ಉರುಳಿತು. ಮಾಮಾ ಸೋತಂತೆಯೇ ಆಗಿತ್ತು. ಅಷ್ಟರಲ್ಲಿ ಚನ್ನಬಸಪ್ಪನವರ ಚೆಂಡು ಕುಳಿಯಿಂದ ಒಂದು ಗೇಣು ದೂರಕ್ಕೆ ಬಂದು ನಿಂತಿತ್ತು. ಅದನ್ನು ನಾನು ಹೊಡೆದರೂ ಬೀಳುತ್ತಿತ್ತು.

ಅವರು ಕೋಲು ಊರಿಕೊಂಡು ನಡೆದು ಬಂದರು, ಬಗ್ಗಿದರು, ತಮ್ಮ ಚೆಂಡನ್ನು ಕೈಯಲ್ಲಿ ಎತ್ತಿ ಜೇಬಿಗೆ ಹಾಕಿಕೊಂಡರು.

"ಕುಳಿ ನಿಮಗ ಬಿಟ್ಟೇನಿ. ಆಟ ನಿಮ್ದು."

"ಏ, ಅದೆಲ್ಲ ನಡೆಯೂದಿಲ್ಲ," ಎಂದರು ಮಾಮಾ. ಅವರ ದನಿ ಗಡುಸಾಗಿತ್ತು. "ಚೆಂಡು ಇಡ್ರಿ. ಹೊಡೀರಿ. ನನಗ ಭಿಕ್ಷಾ ಬ್ಯಾಡ."

"ತಂಗಿ, ನೋಡವಾ ಪುಸ್ತಕದಾಗ. ಎದುರಿನಾಂವ ಬಿಟ್ಟುಕೊಟ್ಟಿದ್ದನ್ನ ಒಲ್ಲೆ ಅನ್ನಾಕ ಬರ್ತೈತೇನು?"

ನಾನು ಪುಟ ಮಗುಚಿದೆ. ಸಿಕ್ಕಿತು. ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿದೆ. ಇಬ್ಬರ ನಡುವಿನ ಪಂದ್ಯದಲ್ಲಿ ಒಬ್ಬ ಬಿಟ್ಟುಕೊಟ್ಟರೆ ಅದು ಅಲ್ಲಿಗೆ ಮುಗಿಯಿತು. ಕೊಟ್ಟವನು ಹಿಂದಕ್ಕೆ ಪಡೆಯುವಂತಿಲ್ಲ, ಪಡೆದವನು ನಿರಾಕರಿಸುವಂತಿಲ್ಲ.

ಮಾಮಾ ಪುಸ್ತಕ ಕಸಿದುಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಓದಿದರು. ಇನ್ನೊಮ್ಮೆ ಓದಿದರು. ಅವರ ಬರಿಗಾಲಿಗೆ ಕೆಮ್ಮಣ್ಣು ಮೆತ್ತಿತ್ತು. ಪುಸ್ತಕ ಮುಚ್ಚಿ ನನ್ನ ಕೈಗಿತ್ತು, "ಬರಕೋ," ಎಂದರು. ನಾನು ತಾರೀಖು ಹಾಕಿ, ಅಷ್ಟೂ ದಿನ ಖಾಲಿಯಿದ್ದ ಮಾಮಾನ ಗೆಲುವಿನ ಅಂಕಣದಲ್ಲಿ ಒಂದು ಗೆರೆ ಎಳೆದೆ. ದಂಡದ ಹೊಡೆತವನ್ನೂ ಬರೆದೆ. ಬಿಟ್ಟುಕೊಟ್ಟದ್ದೆಂದು ಪಕ್ಕದಲ್ಲಿ ನಮೂದಿಸಬೇಕೋ ಬೇಡವೋ ತಿಳಿಯದೆ ಪೆನ್ನು ಹಿಡಿದು ನಿಂತೆ. ಕೇಳೋಣವೆಂದರೆ ಇಬ್ಬರೂ ನನಗೆ ಬೆನ್ನು ಹಾಕಿ ಡಬ್ಬಿಗಳನ್ನು ಅಗೆದು ತೆಗೆಯುತ್ತಿದ್ದರು.

ಆ ಹೊಲದಲ್ಲಿ ಈಗ ಗೋವಿನಜೋಳ ಆಳೆತ್ತರ ನಿಲ್ಲುತ್ತದೆ. ಮಾಮಾ ತಿಂಗಳಿಗೊಮ್ಮೆಯಾದರೂ ಬ್ಯಾಡಗಿಗೆ ಹೋಗುತ್ತಾರೆ, ಒಮ್ಮೊಮ್ಮೆ ನಾನೂ ಹೋಗುತ್ತೇನೆ. ಅಂಗಡಿಯಲ್ಲಿ ಹೊಸಬರು ಯಾರೇ ಇದ್ದರೂ ಚನ್ನಬಸಪ್ಪನವರು ಮೊದಲು ಕುರ್ಚಿ ಎಳೆದು ಕೊಟ್ಟು, "ನಮ್ಮ ಹವಾಲ್ದಾರ್ರು. ಗಾಲ್ಫಿನಾಗ ನನ್ನ ಸೋಲಿಸಿದಾಂವ ಅಂದ್ರ ಇವರೊಬ್ರ," ಎಂದು ಪರಿಚಯಿಸುತ್ತಾರೆ. ಕ್ಯಾರಂ ಆಟದಲ್ಲಿ ಮಕ್ಕಳು ಸಣ್ಣ ತಪ್ಪು ಮಾಡಿದರೂ ತಿದ್ದದೆ ಬಿಡದ ಮಾಮಾ, ಆಗ ಮಾತ್ರ ಏನನ್ನೂ ತಿದ್ದುವುದಿಲ್ಲ. ಚಹಾದ ಕಪ್ಪು ಎತ್ತಿಕೊಂಡು, "ಅವತ್ತ ಗಾಳಿ ಭಾಳಿತ್ರಿ" ಎನ್ನುತ್ತಾರೆ.